ಉದ್ಯೋಗದ ಕಾಲಂನಲ್ಲಿ ನಾನು ಬರೆದ ಸುಳ್ಳು

ಕ್ಯಾಸಂಬಳ್ಳಿ ಹೋಬಳಿಯ ಒಂದು ಊರಿನಲ್ಲಿ ಮುನಿರತ್ನಮ್ಮ ಎನ್ನುವ ಹೆಂಗಸಿನ ಒಂಬತ್ತು ವರ್ಷದ ದುಡಿಮೆಯನ್ನು ನಾನು ಇಲ್ಲವಾಗಿಸಿದೆ. ಅವಳು ಬಾಯಿಬಿಟ್ಟು ಹೇಳಿದ್ದಳು, ನಾನು ಕೇಳಿಸಿಕೊಂಡಿದ್ದೆ — ಆದರೂ ಬರೆಯಲಿಲ್ಲ. ಅವಳದ್ದು ಮಾತ್ರವಲ್ಲ, ಆ ಸುತ್ತಿನ ಎಷ್ಟೋ ಹೆಂಗಸರದ್ದು. ಮರೆತು ಬಿಟ್ಟದ್ದಲ್ಲ, ತಿಳಿಯದೆ ಆದದ್ದೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸುತ್ತಿಬಳಸಿ ಮಾತಾಡುವುದು ನನಗೆ ಚೆನ್ನಾಗಿ ಬರುತ್ತದೆ.

ನನ್ನ ಕೆಲಸ ಮನೆಮನೆಗೆ ಹೋಗಿ ಆರೋಗ್ಯದ ವಿವರ ಬರೆದುಕೊಳ್ಳುವುದು. ಸಾರ್ಕಾಯ್ಡೋಸಿಸ್ ಎನ್ನುವ ಕಾಯಿಲೆಯೊಂದಿದೆ. ಶ್ವಾಸಕೋಶದಲ್ಲಿ, ಒಮ್ಮೊಮ್ಮೆ ಕಣ್ಣಿನಲ್ಲಿ, ಚರ್ಮದಲ್ಲಿ ಸಣ್ಣ ಸಣ್ಣ ಗಂಟುಗಳು ಏಳುತ್ತವೆ. ಕೆಮ್ಮು, ಏದುಸಿರು, ಸುಸ್ತು — ನೋಡಿದರೆ ಟಿಬಿಯಂತೆಯೇ. ಆದರೆ ಟಿಬಿಯಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಕೆಲವರಿಗೆ ತಾನಾಗಿ ವಾಸಿಯಾಗುತ್ತದೆ, ಕೆಲವರನ್ನು ವರ್ಷಗಟ್ಟಲೆ ಕಾಡುತ್ತದೆ. ಯಾಕೆ ಬರುತ್ತದೆಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ನಮ್ಮ ಡಾಕ್ಟರಮ್ಮ ಕೆಜಿಎಫ್, ಬಂಗಾರಪೇಟೆ ಸುತ್ತಿನ ಊರೂರುಗಳ ವಿವರ ಒಟ್ಟುಹಾಕಲು ಹೊರಟಿದ್ದರು. ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಅವರು ಎಂಥ ಕೆಲಸ ಮಾಡುತ್ತಿದ್ದರು, ಬಂದವರು ಮುಂದೆ ಏನಾದರು... ಒಬ್ಬರನ್ನು ನೋಡಿದರೆ ತಿಳಿಯದ್ದು ಊರಿಗೆ ಊರನ್ನೇ ಒಟ್ಟಿಗೆ ನೋಡಿದರೆ ತಿಳಿದೀತು ಎನ್ನುವ ಆಸೆ ಅವರದು. ನಾವು ಬರೆದು ತಂದದ್ದನ್ನು ಅವರು ನಂಬುತ್ತಿದ್ದರು.

ನಮ್ಮ ಕಡೆ ಒಂದು ರೂಢಿಯಿದೆ. ಕಾಗದ ಹಿಡಿದು ಯಾರಾದರೂ ಬಂದರೆ ಜಗಲಿಗೆ ಬಂದು ಕೂರುವವನು ಗಂಡಸು. ಮನೆಯವರೆಲ್ಲರ ಪರವಾಗಿ ಉತ್ತರ ಕೊಡುವವನೂ ಅವನೇ. ಹೆಂಡತಿ ಏನು ಕೆಲಸ ಮಾಡುತ್ತಾಳೆಂದು ಕೇಳಿದರೆ, "ಅವ್ಳೇನ್ ಮಾಡ್ತಾಳೆ, ಮನ್ಯಾಗೇ ಇರ್ತಾಳೆ" — ಎಲ್ಲರದ್ದೂ ಒಂದೇ ಪಾಠ. ಹಾಗೆ ಹೇಳುವ ಹೊತ್ತಿಗೆ ಆ ಹೆಂಡತಿ ಕೂಲಿಗೆ ಹೋಗಿರುತ್ತಾಳೆ ಎಂಬುದು ಬೇರೆ ಮಾತು! ತರಬೇತಿಯಲ್ಲಿ ನಮಗೆ ಸಾರಿ ಸಾರಿ ಹೇಳಿದ್ದರು: ಹೆಂಗಸರ ಕೆಲಸವನ್ನು ಹೆಂಗಸರನ್ನೇ ಕೇಳಿ, ಬೇಕಾದರೆ ಸಂಜೆ ಮತ್ತೆ ಹೋಗಿ. ನಾನೂ ತಲೆಯಾಡಿಸಿದ್ದೆ. ಆದರೆ ಹೊರಗೆ ದುಡಿಯುತ್ತಾಳೆ ಎಂದು ಬರೆದರೆ ಆ ದುಡಿಮೆಯ ಪೂರ್ತಿ ಚರಿತ್ರೆಗೆ ಇನ್ನೂ ನಾಲ್ಕು ಹಾಳೆ ತುಂಬಿಸಬೇಕು. ಮನೆಗೆಲಸ ಎಂದರೆ ಅಲ್ಲಿಗೆ ಮುಗಿಯಿತು. ನಾನು ಬೀದಿಗೆ ಬೀದಿಯೇ ಮನೆಗೆಲಸ, ಮನೆಗೆಲಸ ಎಂದು ಬರೆದುಕೊಂಡು ಹೋದೆ. ಚುರುಕಿನವಳು ಎಂದು ಆಫೀಸಿನಲ್ಲಿ ಹೆಸರೂ ಬಂದಿತ್ತು.

ಮುನಿರತ್ನಮ್ಮನ ಮನೆಯಲ್ಲೂ ಗಂಡನನ್ನೇ ಕೇಳಿ ಬರೆದು, ಬಸ್ ನಿಲ್ಲುವ ಜಾಗಕ್ಕೆ ಬಂದು ನಿಂತಿದ್ದೆ. ಡೈರಿಗೆ ಹಾಲು ಹಾಕಲು ಹೋಗಿದ್ದ ಅವಳು ವಿಷಯ ತಿಳಿದು ಖಾಲಿ ಕ್ಯಾನಿನ ಸಮೇತ ಓಡಿಬಂದಳು. ಕೆಮ್ಮು ನಿಲ್ಲುವವರೆಗೆ ಮೊಣಕಾಲ ಮೇಲೆ ಕೈಯೂರಿ ನಿಂತಳು.

"ನಂದೂ ಬರ್ಕಳಮ್ಮ. ಒಂಬತ್ತು ವರ್ಸ ಕ್ರಷರ್‌ತಾವ ಜಲ್ಲಿ ಒತ್ತಿದೀನಿ. ಟಿಬಿ ಅಂತ ಮಾತ್ರೆ ಕೊಟ್ರು, ಮನ್ಯಾಗೆ ತಟ್ಟೆ ಬ್ಯಾರೆ ಮಾಡುದ್ರು. ಆಮ್ಯಾಕೆ ಬೆಂಗ್ಳೂರಾಗೆ ಟಿಬಿ ಅಲ್ಲ ಅಂದ್ರು. ಮತ್ಯಾಕ್ ಬಂತು ಅಂದ್ರೆ ಯಾರೂ ಏಳಾಕಿಲ್ಲ. ನೀವು ಅದನ್ನೇ ಉಡುಕ್ತಿದೀರಂತೆ?"

ತಿರುವಿನಲ್ಲಿ ಬಸ್ಸು ಕಾಣಿಸಿತು. ನಾನು ಚೀಲದೊಳಗಿನ ಫಾರಂ ಮುಟ್ಟಿದೆ — ಮುಟ್ಟಿದೆ, ಅಷ್ಟೇ. "ಬರ್ಕೊಂಡಿದೀನಕ್ಕ," ಎಂದೆ. ಅವಳು ಕೈಮುಗಿದಳು. ಆ ಕೈಮುಗಿದದ್ದು ನನಗೆ ಇವತ್ತಿಗೂ... ಬೇಡ, ಮುಂದಿನದು ಹೇಳುತ್ತೇನೆ.

ವರ್ಷಗಳು ಕಳೆದವು. ಆಂಡರ್ಸನ್‌ಪೇಟೆಯ ನಮ್ಮ ಆಫೀಸಿನಲ್ಲಿ ನಾನು ಮೇಲ್ವಿಚಾರಕಿಯಾದೆ. ಹೊಸ ಹುಡುಗಿಯರಿಗೆ ಫಾರಂ ತುಂಬುವುದು ಹೇಗೆಂದು ಕಲಿಸುವವಳೂ ನಾನೇ — ನಗಬೇಡಿ. ಕಳೆದ ಬೇಸಿಗೆಯಲ್ಲಿ ಡಾಕ್ಟರಮ್ಮ ವರದಿಯ ಕರಡನ್ನು ನಮಗೆ ಓದಿ ಹೇಳಿದರು. ಕಲ್ಲು ಮಣ್ಣಿನ ಧೂಳಿನಲ್ಲಿ ದುಡಿದ ಗಂಡಸರಲ್ಲಿ ಧೂಳಿಗೂ ಕಾಯಿಲೆಗೂ ನಂಟು ಇರುವಂತೆ ಕಾಣುತ್ತಿತ್ತು. ಹೆಂಗಸರಲ್ಲಿ ಕಾಣುತ್ತಿರಲಿಲ್ಲ. "ಮನೆಯಲ್ಲೇ ಇದ್ದವರಿಗೂ ಬಂದಿದೆ ನೋಡಿ," ಎಂದರು. "ಮುಂದಿನ ಸಲ ಹೆಂಗಸರಿಗೆ ಧೂಳಿನ ಪ್ರಶ್ನೆ ಬಿಟ್ಟು ಬೇರೆ ಏನಾದರೂ ಹುಡುಕೋಣ." ಆ ಹೆಂಗಸರನ್ನು ಕಾಗದದ ಮೇಲೆ ಮನೆಯಲ್ಲಿ ಕೂಡಿಹಾಕಿದವಳು ಅದೇ ಮೇಜಿನ ಮುಂದೆ ಕೂತು ಟೀ ಕುಡಿಯುತ್ತಿದ್ದಳು. ಅವತ್ತೂ ನಾನು ತುಟಿ ಬಿಚ್ಚಲಿಲ್ಲ. ಕೆಲಸ ಹೋಗುತ್ತದೆ ಎನ್ನುವ ಭಯ ಒಂದು, ಮರ್ಯಾದೆ ಹೋಗುತ್ತದೆ ಎನ್ನುವ ಭಯ ಅದಕ್ಕಿಂತ ಹೆಚ್ಚು.

ಆಮೇಲೆ ಒಂದು ಬೆಳಗ್ಗೆ ಬಂಗಾರಪೇಟೆಯ ಬಸ್ ನಿಲ್ದಾಣದಲ್ಲಿ ಮುನಿರತ್ನಮ್ಮ ನನ್ನ ಗುರುತು ಹಿಡಿದಳು. ಮುಖ ಗೆಲುವಾಗಿತ್ತು, ಉಸಿರೂ ಮೊದಲಿಗಿಂತ ಸಲೀಸಾಗಿತ್ತು. "ಬರ್ಕಂಡೋದ್ಯಲ್ಲಮ್ಮ, ಏನಾರ ಗೊತ್ತಾಯ್ತಾ?" ಎಂದಳು. ಅವಳೇ ಮುಂದುವರಿಸಿದಳು: "ನನ್ ಮಗ್ಳೂ ಈಗ ಅದೇ ಕ್ರಷರ್‌ಗೆ ಓಗ್ತಾಳೆ. ಕಳುಸ್ಲಾ, ಬ್ಯಾಡ್ವಾ? ನೀವ್ ಏನಂತೀರೋ ಅಂತ ಕಾಯ್ತಿದೀನಿ."

ಇಷ್ಟು ವರ್ಷ! ನಾನು ಬರೆಯದೇ ಬಿಟ್ಟ ಕಾಗದವನ್ನು ನಂಬಿಕೊಂಡು ಒಬ್ಬ ತಾಯಿ ಇಷ್ಟು ವರ್ಷ ಕಾದಿದ್ದಾಳೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇನ್ನೂ ನೋಡುತ್ತಿದ್ದಾರೆ ಅಕ್ಕ ಎಂದು ಏನೋ ತೊದಲಿ, ಸಿಕ್ಕಿದ ಬಸ್ಸು ಹತ್ತಿ ಸೀದಾ ಡಾಕ್ಟರಮ್ಮನ ಕೋಣೆಗೆ ಹೋದೆ. ನಿಂತೇ ಹೇಳಿದೆ. ಎಲ್ಲವನ್ನೂ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. "ಎಷ್ಟು ಮನೆ?" ಎಂದು ಕೇಳಿದರು. ಗೊತ್ತಿಲ್ಲ ಮೇಡಂ, ಊರುಗಳು ನೆನಪಿವೆ ಎಂದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಒತ್ತಿಕೊಂಡರು. ಕರಡು ವಾಪಸಾಯಿತು. ಮೇಲ್ವಿಚಾರಕಿಯ ಕೆಲಸ ಹೋಯಿತು. ನಾನು ಓಡಾಡಿದ ಊರುಗಳಲ್ಲೆಲ್ಲ ಮತ್ತೆ ಮೊದಲಿನಿಂದ ಕೇಳಬೇಕೆಂದಾಯಿತು. ಕೇಳುವವಳು ಬೇರೆ ಹುಡುಗಿ. ನಾನು ಮನೆ ತೋರಿಸಿ ಹೊರಗೆ ನಿಲ್ಲಬೇಕು, ಫಾರಂ ಮುಟ್ಟುವಂತಿಲ್ಲ. ಸರಿಯಾದ ಮಾತೇ.

ಮುನಿರತ್ನಮ್ಮನಿಗೆ ಮಾತ್ರ ನಾನೇ ಹೋಗಿ ಹೇಳಿದೆ. ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. "ನನ್ ಗಂಡನಂಗೆ ನೀನೂನೂ ನನ್ನ ಮನ್ಯಾಗೆ ಕೂರುಸ್ಬುಟ್ಯಾ?" ಎಂದಳು. ಅಷ್ಟೇ. ನೀರು ಬೇಕಾ ಎಂದೂ ಕೇಳಲಿಲ್ಲ. ನಾನು ಕ್ಷಮೆ ಕೇಳಿದೆ, ಅವಳು ಒಳಗೆ ಹೋದಳು.

ಆದರೆ ಹೊಸ ಹುಡುಗಿ ಹೋದ ದಿನ — ಅದನ್ನು ನೀವು ನೋಡಬೇಕಿತ್ತು. ಡೈರಿಯ ಮುಂದೆ ಊರಿನ ಹೆಂಗಸರನ್ನೆಲ್ಲ ಸೇರಿಸಿಕೊಂಡು ಮುನಿರತ್ನಮ್ಮ ಕಾಯುತ್ತಿದ್ದಳು. ಉತ್ತರ ಹೇಳಲು ಬಂದ ಗಂಡಸರನ್ನು, "ನಿಮ್ ಸರ್ತಿ ಆಮೇಲೆ, ಓಗ್ರಿ ಅತ್ಲಾಗೆ," ಎಂದು ಓಡಿಸಿದಳು. ಹುಡುಗಿಗೆ ಒಂದೇ ಷರತ್ತು: "ಬರ್ದಿದ್ದನ್ನ ಓದಿ ಏಳು, ಆಮ್ಯಾಕೆ ಸೈನ್ ಆಕ್ತೀವಿ." ಒಬ್ಬೊಬ್ಬರದ್ದೂ ಗಟ್ಟಿಯಾಗಿ ಓದಿಸಿಕೊಂಡರು. ಕ್ರಷರು, ಇಟ್ಟಿಗೆ ಗೂಡು, ಮರಳು ಜರಡಿ ಹಿಡಿದದ್ದು... ಒಬ್ಬಳು ತನ್ನ ವರ್ಷಗಳನ್ನು ಕೇಳಿಸಿಕೊಂಡು, "ಅಯ್ಯೋ, ಇಷ್ಟೆಲ್ಲ ನಾನೇ ಮಾಡಿದ್ನಾ!" ಎಂದು ನಕ್ಕಳು. ನಾನು ಹೊಂಗೆ ಮರದ ಕೆಳಗೆ ನಿಂತು ನೋಡುತ್ತಿದ್ದೆ.

ಕಾರಣ ಧೂಳೇ ಎಂದು ಇನ್ನೂ ಹೇಳಲಾಗದು. ಉತ್ತರ ಬೇರೆಯೂ ಬರಬಹುದು, ಬಂದರೆ ಅದನ್ನೂ ಹೋಗಿ ಹೇಳಬೇಕು. ಧೂಳು ಯಾರ ಎದೆಗೂ ಒಳ್ಳೆಯದಲ್ಲ, ಅಷ್ಟು ತಿಳಿಯಲು ವರದಿ ಕಾಯಬೇಕಿಲ್ಲ ಎಂದು ಡಾಕ್ಟರಮ್ಮ ಮುನಿರತ್ನಮ್ಮನ ಮಗಳಿಗೆ ಎದುರೇ ಹೇಳಿದರು. ಅವಳು ಸದ್ಯಕ್ಕೆ ಕ್ರಷರ್ ಬಿಟ್ಟು ಇನ್ನೆರಡು ಹಸು ಕಟ್ಟಿದ್ದಾಳೆ. ಆ ಮಾತನ್ನು ವರ್ಷಗಳ ಹಿಂದೆಯೇ ಅವಳಿಗೆ ತಲುಪಿಸಬಹುದಿತ್ತು — ಇದಕ್ಕೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ.

ನಾನು ತೋರಿಸಬೇಕಾದ ಮನೆಗಳ ಪಟ್ಟಿಯಲ್ಲಿ ಬಂಗಾರಪೇಟೆಯ ಒಂದು ಮನೆ ಉಳಿದಿತ್ತು. ನಮ್ಮದೇ. ನನ್ನನ್ನು ಸಾಕಲು ಅಕ್ಕಿ ಗಿರಣಿಯ ಧೂಳಿನಲ್ಲಿ ದುಡಿದ ನನ್ನ ಅಮ್ಮನ ಹೆಸರಿನ ಮುಂದೆಯೂ ಅದೇ ಮನೆಗೆಲಸ ಎನ್ನುವ ಪದ, ಅದೇ ನನ್ನ ಅಕ್ಷರ. ಹುಡುಗಿಯನ್ನು ಒಳಗೆ ಬಿಟ್ಟು ಹೊರಗೆ ನಿಂತೆ. ಅಮ್ಮ ಗಿರಣಿಯ ಮಾತು ಹೇಳಿದಳು. ಅದಕ್ಕೂ ಮೊದಲು ಏನಾದರೂ ಕೆಲಸ ಮಾಡಿದ್ದಿರಾ ಎಂದು ಹುಡುಗಿ ಕೇಳಿದಳು. ಮದುವೆಗೆ ಮುಂಚೆ ಕೆಜಿಎಫ್‌ನ ಚಿನ್ನದ ಗಣಿ ಮೈಸೂರು ಮೈನ್ಸ್ ಹತ್ತಿರ ಆರು ವರ್ಷ ಕಲ್ಲು ಒಡೆದೆ ಎಂದಳು ಅಮ್ಮ. ನನಗೆ ಗೊತ್ತೇ ಇರಲಿಲ್ಲ.

"ಕೂತ್ಕಳಮ್ಮ," ಎಂದಳು ಅಮ್ಮ ಆ ಹುಡುಗಿಗೆ. "ಇದ್ನ ಇಲ್ಲೀಗಂಟ ನನ್ನ ಯಾರೂ ಕೇಳಿಲ್ಲ."