ಅಳಿಸಲು ಬಾರದ ಖಾತೆ

ಕೋವಿಡ್ ಮುಗಿದ ಮರುವರ್ಷದ ಮಾತು. ನಂಜನಗೂಡಿನ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಿಂದ ನಿವೃತ್ತನಾಗಿ, ಮನೆಯಲ್ಲೇ ಕುಳಿತು ಏಳೆಂಟು ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಅವುಗಳಲ್ಲಿ ಒಂದನ್ನು ತೆರೆದರೆ ಮಾತ್ರ ಕಣ್ಣೆಳೆಯುತ್ತಿತ್ತು. ಅದು ಜೋಗುಳಗಳದ್ದು.

ಅದನ್ನು ಕಟ್ಟಿದವರು ಮೂಗೂರಿನ ನಿವೃತ್ತ ಶಿಕ್ಷಕಿ ರಾಜಮ್ಮ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಅಜ್ಜಿಯರು ಮಗು ಮಲಗಿಸುವಾಗ ಹಾಡುವ ಪದಗಳನ್ನು ಮೊಬೈಲಿನಲ್ಲಿ ಹಿಡಿದು ಅಲ್ಲಿ ಸೇರಿಸುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಪದಗಳಿದ್ದವು. ಹಾಡಿನ ಹಿಂದೆ ತೊಟ್ಟಿಲ ಹಗ್ಗದ ಕಿರುಗುಟ್ಟುವಿಕೆ, ಎಲ್ಲೋ ಕರು ಕೂಗುವುದು, ನಡುನಡುವೆ ಅಜ್ಜಿಯ ಆಕಳಿಕೆ. ಮಧ್ಯಾಹ್ನ ಪರೀಕ್ಷೆಗೆಂದು ಒಂದು ಹಾಡು ಹಾಕಿದರೆ, ಮುಗಿದದ್ದು ಗೊತ್ತಾಗದೆ ಕಿಟಕಿಯಾಚೆ ನೋಡುತ್ತಾ ಕುಳಿತುಬಿಡುತ್ತಿದ್ದೆ.

ವೆಬ್‌ಸೈಟಿನ ಕಡತಗಳು ಇರುವುದು ದೂರದ ಯಾವುದೋ ಕಂಪ್ಯೂಟರಿನಲ್ಲಿ, ನಾವು ಬಾಡಿಗೆಗೆ ಹಿಡಿದ ಜಾಗದಲ್ಲಿ. ಅದಕ್ಕೆ ಹೋಸ್ಟಿಂಗ್ ಖಾತೆ ಎನ್ನುತ್ತಾರೆ. ಅದರ ಮುಖ್ಯ ಪಾಸ್‌ವರ್ಡ್ ಇದ್ದವರು ಏನನ್ನಾದರೂ ಸೇರಿಸಬಹುದು, ಏನನ್ನಾದರೂ ಅಳಿಸಬಹುದು. ರಾಜಮ್ಮನವರೊಂದಿಗೆ ಕಳಲೆಯ ಅಂಗನವಾಡಿ ಕಾರ್ಯಕರ್ತೆ ಸಾವಿತ್ರಿ ಕೈಜೋಡಿಸಿದಾಗ ನಾನು ಆಕೆಗೂ ಅದೇ ಪಾಸ್‌ವರ್ಡ್ ಬರೆದುಕೊಟ್ಟೆ. ಬೇರೆ ಖಾತೆ ಮಾಡಿಕೊಡಲು ಹತ್ತು ನಿಮಿಷ ಸಾಕಿತ್ತು. ಸೋಮಾರಿತನ, ಮತ್ತೇನಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಸಾವಿತ್ರಿಯ ಫೋನ್ ಬಂತು.

"ಸಾ, ಪದ ಎಲ್ಲಾ ಓಯ್ತು ಸಾ! ಒಂದೂ ಆಡ್ತಿಲ್ಲ."

"ಏನು ಒತ್ತಿದಿರಮ್ಮ?"

"ಓಲ್ಡ್ ಅಂತ ಒಂದು ಫೋಲ್ಡರ್ ಇತ್ತು. ಅಳೇದು, ಬ್ಯಾಡದ್ದು ಅನ್ಕೊಂಡು ತೆಗೆದುಬುಟ್ಟೆ."

ಆ ಹೆಸರಿಟ್ಟವನು ನಾನೇ. ಹಳೆಯ ಕಾಲದ ಪದಗಳು ಎಂಬ ಅರ್ಥದಲ್ಲಿ ಎಲ್ಲ ಹಾಡುಗಳನ್ನೂ ಅದರಲ್ಲಿಟ್ಟಿದ್ದೆ. ಆ ಹೆಸರು ನೋಡಿದ ಯಾರಾದರೂ ಅದನ್ನು ಕಸವೆಂದೇ ತಿಳಿಯುತ್ತಿದ್ದರು.

ವಾರಕ್ಕೊಮ್ಮೆ ಇಡೀ ಖಾತೆಯ ಪ್ರತಿ ತೆಗೆದಿಡುವ ಏರ್ಪಾಡಿತ್ತು. ಕೊನೆಯ ಪ್ರತಿ ಐದು ದಿನ ಹಿಂದಿನದು. ಅದರಿಂದ ಬಹುಪಾಲು ಮರಳಿ ಬಂತು. ಆ ಐದು ದಿನಗಳಲ್ಲಿ ಸೇರಿಸಿದ ಹನ್ನೊಂದು ಹಾಡು ಮಾತ್ರ ಅದರಲ್ಲಿ ಇರಲಿಲ್ಲ. ಅವುಗಳಲ್ಲಿ ಹತ್ತು ಹಾಡು ಅವರಿಬ್ಬರ ಮೊಬೈಲುಗಳಲ್ಲಿ ಸಿಕ್ಕವು. ಒಂದು ಎಲ್ಲಿಯೂ ಇರಲಿಲ್ಲ. ಮೂಗೂರಿನ ಪಕ್ಕದ ಹಳ್ಳಿಯ ಕೆಂಪಜ್ಜಿ ಹಾಡಿದ್ದು ಅದು. ಜಾಗ ಸಾಲದೆಂದು ಸಾವಿತ್ರಿ ಅದನ್ನು ತನ್ನ ಮೊಬೈಲಿನಿಂದಲೂ ತೆಗೆದಿದ್ದಳು.

ಮರುದಿನ ನಾನೂ ಸಾವಿತ್ರಿಯೂ ನರಸೀಪುರದ ಬಸ್ಸು ಹಿಡಿದೆವು. ಮಂಜಿನ್ನೂ ಗದ್ದೆಗಳ ಮೇಲೆ ಮಲಗಿತ್ತು. ಹೊಳೆ ಸೇತುವೆ ಮೇಲೆ ಹೋಗುವಾಗ ನೀರು ಯಾವುದು, ಆಕಾಶ ಯಾವುದು ತಿಳಿಯಲಿಲ್ಲ.

ಕೆಂಪಜ್ಜಿ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿತ್ತು. ವಿಷಯ ಹೇಳಿ, ಆ ಪದವನ್ನು ಮತ್ತೆ ಹಾಡಿಕೊಡಿ ಎಂದಾಗ ಬೇಸರವೇನೂ ಮಾಡಿಕೊಳ್ಳಲಿಲ್ಲ.

"ಕೂಸಿಲ್ದೆ ಎಂಗವ್ವಾ ಆಡದು? ಗೋಡೆ ಮಲಗ್ಸಕಾಯ್ತದಾ?"

ಪಕ್ಕದ ಮನೆಯಿಂದ ಆರು ತಿಂಗಳ ಮಗುವೊಂದನ್ನು ಎತ್ತಿಕೊಂಡು ಬಂದರು. ಅಜ್ಜಿ ಕಾಲು ನೀಡಿ, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಮೆಲ್ಲಗೆ ಅಲುಗಿಸತೊಡಗಿತು. ಸಾವಿತ್ರಿ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿದಳು. ಮೊದಲು ಪದವಿಲ್ಲದ ಗುನುಗು. ಆಮೇಲೆ ಹೊಳೆ, ನೆರಳು, ಹಾಲು ಕರೆಯುವ ಸದ್ದು, ಒಂದೊಂದೇ ಆ ಗುನುಗಿನೊಳಗಿಂದ ಎದ್ದು ಬಂದವು. ಬಿಸಿಲು ಜಗಲಿಗೆ ಹತ್ತಿತು. ಮಗು ಮಲಗಿತು. ನನ್ನ ರೆಪ್ಪೆಗಳೂ ಭಾರವಾದವು. ನಾನು ಎಷ್ಟೋ ವರ್ಷ ಹಿಂದಿನ ಯಾವುದೋ ಮಡಿಲಿನಲ್ಲಿದ್ದೇನೆ ಅನ್ನಿಸಿತು. ಕಣ್ಣು ತೆರೆದಾಗ ಸಾವಿತ್ರಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಇದು ಅವತ್ತಿನ ಪದ ಅಲ್ಲ ಅಲ್ವಾ ಅಜ್ಜಿ?" ಎಂದಳು.

"ಅವತ್ತಿನ ಕೂಸು ಬ್ಯಾರೆ, ಇದು ಬ್ಯಾರೆ. ಅದ್ಯಾವುದು ಆಡಿದ್ನೋ ನಂಗೂ ಗ್ಯಾನಿಲ್ಲ ಕಣವ್ವಾ."

ಹೋದದ್ದು ಹೋಯಿತು. ಬಸ್ ಸ್ಟಾಂಡಿನಲ್ಲಿ ಸಾವಿತ್ರಿ, "ನಾನಿನ್ನು ಆ ಖಾತೆ ಮುಟ್ಟಾಕಿಲ್ಲ ಸಾ. ರೆಕಾರ್ಡ್ ಮಾಡ್ಕೊಡ್ತೀನಿ, ನೀವೇ ಆಕ್ಕಳಿ," ಎಂದಳು. ಹೀಗೆ ಅಂಜಿದವಳು ನಾಳೆ ರೆಕಾರ್ಡ್ ಮಾಡುವುದನ್ನೂ ಬಿಟ್ಟರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಹಳ್ಳಿಹಳ್ಳಿಯ ಒಳಮನೆಗಳಿಗೆ ಅವಳಷ್ಟು ಸಲೀಸಾಗಿ ಹೋಗಬಲ್ಲವರು ಬೇರೆ ಯಾರೂ ಇರಲಿಲ್ಲ.

ಆ ವಾರ ಮುಖ್ಯ ಪಾಸ್‌ವರ್ಡ್ ಬದಲಿಸಿ, ಸಾವಿತ್ರಿಗೆ ಬೇರೆ ಖಾತೆ ಮಾಡಿದೆ. ಹಾಡು ಸೇರಿಸಬಹುದು, ಹೆಸರು ತಿದ್ದಬಹುದು, ಅಳಿಸಲಾಗದು. ರಾಜಮ್ಮನವರಿಗೆ ಇದು ಹಿಡಿಸಲಿಲ್ಲ.

"ಒಂದ್ಸಲ ತಪ್ಪು ಮಾಡಿದ್ದಕ್ಕೆ ಹುಡುಗೀನ ನಂಬಲ್ಲ ಅಂದಂಗಾಯ್ತು ಕಣ್ರೀ. ನೊಂದ್ಕೋತಾಳೆ."

"ನನಗೂ ಅಂಥದ್ದೇ ಮಾಡ್ಕೊಂಡಿದ್ದೀನಿ ಮೇಡಂ. ದಿನದ ಕೆಲಸಕ್ಕೆ ನನಗೂ ಅಳಿಸೋ ಅಧಿಕಾರ ಬೇಡ," ಎಂದೆ. ಅದು ನಿಜವಾಗಿತ್ತು. ಫೋಲ್ಡರಿಗೂ 'ಜೋಗುಳ' ಎಂದು ಹೆಸರು ಬದಲಿಸಿದ್ದೆ.

ಕಳಲೆಗೆ ಹೋಗಿ, ಆ ಹೊಸ ಖಾತೆ ತೆರೆದು ಸಾವಿತ್ರಿಯ ಮುಂದೆ ಲ್ಯಾಪ್‌ಟಾಪ್ ಇಟ್ಟೆ. "ಈ ಪದಗಳ ಫೋಲ್ಡರನ್ನು ಅಳಿಸಿ ನೋಡಿ," ಎಂದೆ. ಅವಳು ಬೆಚ್ಚಿ ಕೈ ಹಿಂದೆಳೆದಳು. ಮತ್ತೆ ಹೇಳಿದೆ. ಒಂದು ಬೆರಳು ಮುಂದಿಟ್ಟು ಒತ್ತಿದಳು. ನಿಮಗೆ ಅನುಮತಿಯಿಲ್ಲ ಎಂದು ಪರದೆ ಹೇಳಿತು. ಇನ್ನೊಮ್ಮೆ ಒತ್ತಿದಳು. ಅದೇ ಉತ್ತರ.

"ಅಂಗಾದ್ರೆ ನಾನು ಏನ್ ಒತ್ತಿದ್ರೂ ಪದ ಓಗಾಕಿಲ್ವಾ ಸಾ?"

"ಹೋಗಲ್ಲ."

ಅವಳು ನಕ್ಕಳು. ಎಷ್ಟೋ ದಿನಗಳ ನಂತರದ ನಗು. ಆಮೇಲೆ ನನ್ನನ್ನು ಕೇಳದೆ, ಕೆಂಪಜ್ಜಿಯ ಹೊಸ ಪದವನ್ನು ತಾನೇ ಸೇರಿಸಿದಳು. ಈಗ ನಾಲ್ಕು ಊರುಗಳ ಹೆಂಗಸರಿಗೆ ಅವಳೇ ಕಲಿಸುತ್ತಾಳೆ.

ಕಾರ್ಖಾನೆಯಲ್ಲಿದ್ದಷ್ಟು ಕಾಲವೂ ಮಿತಿ ಹಾಕುವುದು ಕಳ್ಳರಿಗಾಗಿ ಎಂದೇ ನಂಬಿದ್ದೆ. ಒಳ್ಳೆಯವರಿಗೂ ಅದು ಬೇಕು, ತಮ್ಮ ಕೈಗೇ ಅಂಜದೆ ಕೆಲಸ ಮಾಡುವುದಕ್ಕೆ. ಇದನ್ನು ನನಗೆ ಕಲಿಸಿದ್ದು ಆ ಹೆಣ್ಣುಮಗಳು ಎರಡನೆಯ ಸಲ ಒತ್ತಿದ ಆ ಗುಂಡಿ.