ಕವಲಿನಲ್ಲಿ ನಾನು ನೋಡದ ಮುಖ

ಮೊನ್ನೆ ನನ್ನ ಮೊಣಕಾಲಿಗೆ ಹಚ್ಚಲೆಂದು ಸೊಸೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಸಿದಳು. ಆ ವಾಸನೆ ಅಡುಗೆಮನೆಯಿಂದ ಹೊರಗೆ ಬಂದಾಗ ಕೈಯಲ್ಲಿದ್ದ ಪೇಪರನ್ನು ಮಡಿಸಿಟ್ಟೆ. "ಯಾಕ್ರಿ ಮಾವಾರ, ಭಾಳ ನೋಯ್ತದೇನು?" ಎಂದಳು. ಹೌದು ಎಂದೆ.

ಅದು ಮಾಸ್ತರರ ವಾಸನೆ. ಭಾನುವಾರ ನಸುಕಿನಲ್ಲಿ ಪರ್ವತಿ ಗುಡ್ಡದ ಬುಡದಲ್ಲಿ ನಿಂತು ಅವರು ಮೀನಖಂಡಕ್ಕೆ ಅದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಆಮೇಲೆ ಬಾಟಲಿ ನಮ್ಮ ಕೈಗೆ ಬರುತ್ತಿತ್ತು. ಪುಣೆಯ ಒಂದು ಶಾಲೆಯಲ್ಲಿ ಅವರು ಆಟದ ಮಾಸ್ತರರು. ರಜೆಯ ದಿನ ನಮ್ಮಂಥ ವಯಸ್ಸಾದವರನ್ನು ಕಟ್ಟಿಕೊಂಡು, ಗುಡ್ಡದ ಕಾಲುದಾರಿಗಳಲ್ಲಿ ಓಡುವುದನ್ನು ಕಲಿಸುವ ಕೋರ್ಸು ನಡೆಸುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಹೈಸ್ಕೂಲು ಮುಗಿಸಿ ಧಾರವಾಡದ ಕಡೆಯಿಂದ ಬಂದು, ಮೋಟಾರು ಬಿಡಿಭಾಗಗಳ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ಕೂತು ಕೂತು ಐವತ್ತರ ಹತ್ತಿರ ಬಂದಿದ್ದೆ. ಸಕ್ಕರೆ ಕಾಯಿಲೆ ಶುರುವಾಗಿದೆ, ಮೈ ದಣಿಸಿ ಎಂದು ಡಾಕ್ಟರು ಹೇಳಿದ್ದರಿಂದ ಸೇರಿಕೊಂಡೆ. ಮಾಸ್ತರರು ಬೆಳಗಾವಿಯವರು. ಉಳಿದವರ ಜೊತೆ ಮರಾಠಿ, ನನ್ನೊಬ್ಬನ ಜೊತೆ ಕನ್ನಡ. ಅದೇ ನನಗೊಂದು ಹೆಮ್ಮೆ.

ಓಡುವುದನ್ನು ಕಲಿಯಬೇಕೇ ಎಂದು ಮನೆಯಲ್ಲಿ ನಕ್ಕಿದ್ದರು. ಕಲಿಯಬೇಕಿತ್ತು. ಏರಿನಲ್ಲಿ ಹೆಜ್ಜೆ ಸಣ್ಣದಾಗಬೇಕು. ಇಳಿಜಾರಿನಲ್ಲಿ ಹಿಮ್ಮಡಿ ಊರಿ ಮೈ ತಡೆಯಬಾರದು, ಪಾದ ನೋಡದೆ ಮುಂದಿನ ನೆಲ ನೋಡಬೇಕು. "ಏರಿನ್ಯಾಗ ನಡದರ ಮಾನ ಹೋಗಂಗಿಲ್ರಿ, ಬಿದ್ದರ ಹಲ್ಲ ಹೋಗ್ತಾವ" ಎನ್ನುತ್ತಿದ್ದರು. ನಾನು ಯಾವಾಗಲೂ ಕೊನೆಯವನು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮರಾಠಿ ಹೆಂಗಸು, ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದವರು, ನನಗೆ ರೈಲಿನ ಹಿಂದಿನ ಡಬ್ಬಿಯ ಗಾರ್ಡ್ ಎಂದು ಹೆಸರಿಟ್ಟಿದ್ದರು. "ಗಾರ್ಡ್‌ಸಾಹೇಬ, ಹಿರವಾ ಝೆಂಡಾ ದಾಖವಾ!" ಹಸಿರು ಬಾವುಟ ತೋರಿಸಿರೆಂದು ಮುಂದಿನಿಂದ ಕೂಗುತ್ತಿದ್ದರು. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಮನೆಗೆ ಬಂದ ಮೇಲೆ ಮಾತ್ರ ಅದು ಚುಚ್ಚುತ್ತಿತ್ತು.

ಮಾಸ್ತರರದು ಒಂದು ಕಟ್ಟುನಿಟ್ಟಿತ್ತು. ದಾರಿ ಕವಲೊಡೆಯುವಲ್ಲಿ ಪ್ರತಿಯೊಬ್ಬರೂ ನಿಲ್ಲಬೇಕು, ಹಿಂದಿನವರು ಬಂದು ಮುಖ ಕಂಡು, ಅವರಿಗೆ ಸರಿಯಾದ ದಾರಿ ತೋರಿಸಿದ ಮೇಲೆಯೇ ಮುಂದೆ ಹೋಗಬೇಕು. ಧ್ವನಿ ಕೇಳಿದರೆ ಸಾಲದು. ಗುಡ್ಡದಲ್ಲಿ ಧ್ವನಿ ಎತ್ತಲಿಂದಲೋ ಹೊರಟು ಎತ್ತಲಿಂದಲೋ ಕೇಳುತ್ತದೆ. "ಮುಖ ನೋಡ್ರಿ, ಆಮ್ಯಾಲ ಕಾಲ ತಗೀರಿ."

ಕೋರ್ಸಿನ ಕೊನೆಯ ಓಟ ಲೋಣಾವಳಾದಿಂದ ಕಾಡಿನೊಳಗಿನ ರಾಜಮಾಚಿ ಎಂಬ ಊರಿಗೆ. ಮಳೆಗಾಲ ಮುಗಿಯುತ್ತ ಬಂದಿತ್ತು, ಆದರೂ ಆ ದಿನ ಮಂಜು ಇಳಿದು ಎದುರಿನ ಮರವೂ ಕಾಣದಂತಾಗಿತ್ತು. ಯಾವಾಗಲೂ ಎಲ್ಲರ ಹಿಂದೆ ಬರುತ್ತಿದ್ದ ಮಾಸ್ತರರ ಸಹಾಯಕ ಜ್ವರವೆಂದು ಬಂದಿರಲಿಲ್ಲ. ಮಾಸ್ತರರು ದಾರಿ ತೋರಿಸಲು ಮುಂದೆ ಹೋದರು. ಬ್ಯಾಂಕಿನ ಬಾಯಿಗೆ ಹೊಸ ಬೂಟು ಕಚ್ಚಿ ಅವರು ಹಿಂದೆ ಬಿದ್ದರು. ಮೊದಲ ಸಲ ನಾನು ಕೊನೆಯವನಾಗಿರಲಿಲ್ಲ.

ಕವಲು ಬಂತು. ನೇರ ಹೋದರೆ ರಾಜಮಾಚಿ, ಎಡಕ್ಕೆ ಇಳಿದರೆ ಕಣಿವೆಯ ಒಂದು ವಾಡಿ, ನಾಲ್ಕಾರು ಮನೆಗಳ ಹಳ್ಳಿ. ನಿಂತೆ. "ಓ ಬಾಯಿ!" ಎಂದು ಕೂಗಿದೆ. "ಆಲೇ, ಆಲೇ!" ಬಂದೆ ಎಂಬ ಉತ್ತರ ಕೇಳಿಸಿತು. ಮುಂದೆ ಉಳಿದವರ ನಗು ಕೇಳುತ್ತಿತ್ತು. ಕಾದರೆ ಬಾಯಿ ಬರುತ್ತಾರೆ, ಮತ್ತೆ ನನ್ನನ್ನು ದಾಟುತ್ತಾರೆ, ಮತ್ತೆ ಹಸಿರು ಬಾವುಟ… ಧ್ವನಿ ಕೇಳಿತಲ್ಲ ಎಂದುಕೊಂಡು ಓಡಿದೆ.

ಊರಿನ ಗುಡಿಸಲೊಂದರ ಚಪ್ಪರದಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು. "ಗಾರ್ಡ್‌ಸಾಹೇಬ ಇಂಜಿನ್ ಝಾಲೇ!" ಗಾರ್ಡ್ ಇಂಜಿನ್ನಾದ ಎಂದು ಚಪ್ಪಾಳೆ ತಟ್ಟಿದರು. ಚಹಾ ಮುಗಿಯಿತು. ಬಾಯಿ ಬರಲಿಲ್ಲ.

ಮಾಸ್ತರರು ನನ್ನ ಬಳಿ ಬಂದರು. "ಕವಲಿನ್ಯಾಗ ಆಕಿ ಮುಖ ನೋಡಿದ್ರಿ, ಹೌದಲ್ಲ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನೋಡಿದೆನ್ರಿ, ಮಾಸ್ತರ" ಎಂದೆ.

ಅವರು ನಂಬಿದರು. ಕವಲು ದಾಟಿದ ಮೇಲೆ ಬೇರೆ ದಾರಿಯಿಲ್ಲ. ಹಾಗಾದರೆ ಬಾಯಿ ಜಾರಬಹುದಾದ ಜಾಗ ಒಂದೇ, ಕಂದರದ ಅಂಚಿನಲ್ಲಿ ಹಾದಿ ಸಣ್ಣದಾಗುವ ಕಡೆ. ಹಗ್ಗ ತೆಗೆದುಕೊಂಡು ಹೊರಟರು, ನಾನೂ ಹಿಂದೆ ಹೋದೆ. ಬಾಯಿ ಎಡಕ್ಕೆ ಇಳಿದಿರಬೇಕು ಎಂದು ನನಗೆ ಗೊತ್ತಿತ್ತು. ಈ ಬಂಡೆ ದಾಟಿದ ಮೇಲೆ ಹೇಳುತ್ತೇನೆ, ಆ ಮರದ ಹತ್ತಿರ ಹೇಳುತ್ತೇನೆ ಎಂದುಕೊಳ್ಳುತ್ತ ನಡೆದೆ. ಹಗ್ಗ ಮರಕ್ಕೆ ಕಟ್ಟುವ ಮೊದಲೇ ಮಾಸ್ತರರು ಕೆಳಗೆ ಬಗ್ಗಿ ನೋಡಲು ಒದ್ದೆ ಹುಲ್ಲಿನ ಮೇಲೆ ಕಾಲಿಟ್ಟರು. ಜಾರಿದ ಸದ್ದು ಕೇಳಿತು, ಕಲ್ಲುಗಳು ಉರುಳಿದವು, ಆಮೇಲೆ ಏನೂ ಕೇಳಲಿಲ್ಲ…

ಅವರ ತೊಡೆಯ ಮೂಳೆ ಮುರಿದಿತ್ತು. ಊರಿನವರು ಕಂಬಳಿ, ಬಿದಿರು ತಂದು ಡೋಲಿ ಕಟ್ಟುತ್ತಿದ್ದಾಗ ವಾಡಿಯ ಹೆಂಗಸೊಬ್ಬಳು ಬಾಯಿಯನ್ನು ಕೈಹಿಡಿದು ಕರೆತಂದಳು. ಬಾಯಿಗೆ ಏನೂ ಆಗಿರಲಿಲ್ಲ. ಮಂಜಿನಲ್ಲಿ ತನಗೆ ಕವಲೇ ಕಾಣಲಿಲ್ಲ, ಕಾಲು ಹೋದ ಕಡೆ ಹೋದೆ ಎಂದು ಅತ್ತರು. ನನ್ನ ಮಾತು ನಂಬಿದ್ದ ಮಾಸ್ತರರು, ಬಾಯಿ ತಿಳಿಯದೆಯೇ ಕವಲು ದಾಟಿದ್ದಾರೆ ಎಂದುಕೊಂಡರು. ಲೋಣಾವಳಾದವರೆಗೂ ಬಿದಿರಿನ ಒಂದು ತುದಿ ನನ್ನ ಹೆಗಲ ಮೇಲಿತ್ತು. ಆ ನೋವಿನಲ್ಲೂ ಮಾಸ್ತರರು ಕೇಳುತ್ತಿದ್ದುದು ಒಂದೇ: "ಕವಲ ದಾಟಿದ ಮ್ಯಾಲ ಬಾಯಿ ಯಾವ ಹಾದೀಲೆ ಇಳದ್ರು?"

ಕಾಲು ಕೂಡಿತು, ಗಿಡ್ಡವಾಗಿ ಕೂಡಿತು. ಕೋಲು ಬಂತು. ಶಾಲೆಯವರು ಕುರ್ಚಿಯ ಕೆಲಸ ಕೊಟ್ಟರು. ನೀವು ಗುಡ್ಡದ ಬುಡದಲ್ಲಿ ಕೂತು ಹೇಳಿದರೂ ಸಾಕು, ನಾವು ಓಡುತ್ತೇವೆ ಎಂದು ನಾವೆಲ್ಲ ಕೇಳಿಕೊಂಡೆವು. ಅವರು ಒಪ್ಪಲಿಲ್ಲ.

"ಆ ಹಾದಿ ನನಗ ಪೂರಾ ಗೊತ್ತದ ಅಂತ ತಿಳಕೊಂಡಿದ್ದೆ" ಎಂದರು. "ಅಲ್ಲಿ ಇನ್ನೊಂದು ಹಾದಿ ಅದ, ನನಗ ಕಂಡಿಲ್ಲ. ಗೊತ್ತಿಲ್ಲದ ಗುಡ್ಡಕ್ಕ ಮಂದೀನ ಹ್ಯಾಂಗ ಕರಕೊಂಡು ಹೋಗ್ಲಿ?"

ನನ್ನ ಸುಳ್ಳು ಅವರ ಕಾಲನ್ನಷ್ಟೇ ಮುರಿದಿಲ್ಲ ಎಂದು ಆಗ ತಿಳಿಯಿತು. ಎಷ್ಟೋ ಸಲ ಅವರ ಮನೆಗೆ ಹೋದೆ. ಅವರ ಹೆಂಡತಿ, ನಮ್ಮೆಲ್ಲರ ವೈನಿ, ಕೊಟ್ಟ ಚಹಾ ಕುಡಿದು ಮಳೆ, ಕ್ರಿಕೆಟ್ಟು, ಊರ ಸುದ್ದಿ ಮಾತಾಡಿ ಎದ್ದು ಬಂದೆ. ನಿವೃತ್ತಿಯಾದ ಮೇಲೆ ಅವರು ಇಂದಾಪುರದ ಮಗಳ ಮನೆಗೆ ಹೋದರು. ಇನ್ನೂ ಕೆಲವು ವರ್ಷ ಹಾಗೆಯೇ ಕಳೆದೆ.

ಕೊನೆಗೊಮ್ಮೆ ಎಸ್.ಟಿ. ಬಸ್ಸು ಹತ್ತಿ ಹೋದೆ. ಕಬ್ಬಿನ ಹೊಲದ ಬದಿಯ ಮನೆ. ಕೂತವನೇ ಹೇಳಿಬಿಟ್ಟೆ. ನಾನು ಮುಖ ನೋಡಿರಲಿಲ್ಲ, ನಿಮ್ಮ ಹಾದಿಯಲ್ಲಿ ತಪ್ಪಿಲ್ಲ, ತಪ್ಪೆಲ್ಲ ನನ್ನದು ಎಂದೆ. ಬೈಯುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದು ಕಾದೆ. ಮಾಸ್ತರರು ನಕ್ಕು, ಒಳಗಿದ್ದ ವೈನಿಗೆ ಕೇಳುವಂತೆ ಕೂಗಿದರು.

"ಕೇಳಿದೇನ? ನನ್ನ ಸಮಾಧಾನಕ್ಕ ಸುಳ್ಳ ಹೇಳಲಿಕ್ಕ ಇವರು ಇಷ್ಟು ದೂರ ಬಂದಾರ!"

"ಸುಳ್ಳಲ್ರಿ ಮಾಸ್ತರ, ದೇವರಾಣಿಗೂ…"

"ಆಣಿ ಹಾಕಬ್ಯಾಡ್ರಿ, ಪಾಪ ಬರ್ತದ. ನಾ ಪುಣೆದಾಗ ಇರೂತನಕ ನೀವು ಮನಿಗೆ ಬರೂದು ಬಿಡಲಿಲ್ಲ. ನಿಮ್ಮಂಥವರು ಅಂಥಾದ್ದು ಮಾಡಂಗಿಲ್ಲ, ನನಗ ಗೊತ್ತದ."

ಎಷ್ಟು ಹೇಳಿದರೂ ಅವರು ತಲೆ ಆಡಿಸುತ್ತಲೇ ಇದ್ದರು. ವೈನಿ ಒತ್ತಾಯ ಮಾಡಿ ಹೋಳಿಗೆ ಬಡಿಸಿದರು. ಬಿಡದೆ ತಿಂದೆ.

ಕಳೆದ ತಿಂಗಳು ವೈನಿ ಫೋನು ಮಾಡಿದರು. ಮಾಸ್ತರರು ಹೋದರು. ಕೊನೆಕೊನೆಗೆ ಹಾಸಿಗೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ, ಆ ಇನ್ನೊಂದು ಹಾದಿ ಎಲ್ಲಿ ಒಡೆದಿರಬಹುದು ಎಂದು ಹುಡುಕುತ್ತಿದ್ದರಂತೆ.

"ಅಲ್ಲಿ ಬ್ಯಾರೆ ಹಾದೀನ ಇಲ್ರಿ ವೈನಿ" ಎಂದೆ.

"ಹೌದ್ರಿ, ನೀವು ಅವತ್ತೂ ಹಂಗ ಅಂದಿದ್ರಿ" ಎಂದು ಅವರು ಅತ್ತರು. "ನಿಮ್ಮ ಮನಸು ಭಾಳ ದೊಡ್ಡದು."

ಅವರು ಫೋನು ಇಟ್ಟ ಮೇಲೂ ನಾನು ಅದನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ…