ಎರೆಹೊಲದ ಬೇವಿನ ಕೆಳಗೆ

ಗಂಡನ ಸಮಾಧಿಗೆ ಕೆಂಪು ಕಲ್ಲು ಕೆತ್ತಿಸಲು ಇಳಕಲ್ಲಿಗೆ ಹೊರಟಿದ್ದೆ. ಹುನಗುಂದದ ಹತ್ತಿರ ಬಸ್ಸು ಪಂಕ್ಚರ್ ಆಗಿ ನಿಂತಿತು. ರಸ್ತೆ ಪಕ್ಕದ ಎರೆಹೊಲದಲ್ಲಿ ಒಬ್ಬಾಕೆ, ಬೇವಿನ ಕೆಳಗಿನ ಸಮಾಧಿಗೆ ರೊಟ್ಟಿಯ ಎಡೆ ಇಟ್ಟು, ಅಲ್ಲೇ ಊಟಕ್ಕೆ ಕುಳಿತಿದ್ದಳು.

"ಬರ್ರಿ ಅಕ್ಕಾರ, ನೆರಳಿಗೆ ಕುಂದರ್ರಿ. ಇವರು ನಮ್ಮ ಮನಿಯವರು. ಇದ್ದಾಗ ಒಂದಿನಾನೂ ನನ್ನ ಜೋಡಿ ಉಣ್ಣಲಿಲ್ಲ. ಈಗ ದಿನಾ ಸಿಕ್ಕಾರ ನೋಡ್ರಿ!" ಎಂದು ನಕ್ಕಳು.

ನನಗೆ ಹೊಟ್ಟೆ ಉರಿಯಿತು. ನಮ್ಮ ಹೊಲ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ನಮ್ಮವರನ್ನು ಮುಳುಗಡೆಯವರಿಗೆ ಕಟ್ಟಿದ ನವನಗರದ ಸಾರ್ವಜನಿಕ ರುದ್ರಭೂಮಿಯಲ್ಲಿ ಮಣ್ಣು ಮಾಡಿದೆವು. ಅಲ್ಲಿ ಬುತ್ತಿ ಬಿಚ್ಚಿ ಕುಳಿತರೆ ಜನ ಏನೆಂದಾರು?

ಕಲ್ಲಿನ ವಿಷಯ ಹೇಳಿದೆ.

"ನಿಮ್ಮವರನ್ನ ಎಲ್ಲಿ ಇಟ್ಟೀರಿ?"

"ನಮ್ಮ ಹೊಲದಾಗ."

"ಈ ವರ್ಷ ಏನ ಬಿತ್ತೀರಿ?"

ಅವಳ ಹೊಲದಲ್ಲಿ ಹೂಬಿಟ್ಟ ಕಡಲೆಯನ್ನೇ ನೋಡುತ್ತ, "ಕಡಲಿ" ಎಂದೆ.